ಮಾತುಕತೆಯ ಮೇಜು ಚಿಗುರಿದ್ದು

ನಮ್ಮೂರಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದರೆ ಮೊದಲು ನೋಡುವುದು ಹುಡುಗನ ಮುಖವನ್ನಲ್ಲ, ಅವನ ಮಂಚದ ಕಾಲನ್ನು. ಮಂಚದ ಕಾಲಲ್ಲಿ ಚಿಗುರು ಕಂಡರೆ ಕಾಫಿ ಕುಡಿಯದೆ ಎದ್ದು ಹೋಗುತ್ತಾರೆ. ಮರದ ಸಾಮಾನು ಯಾವುದೇ ಇರಲಿ, ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಇಟ್ಟಲ್ಲೇ ಇದ್ದರೆ ಇಲ್ಲಿ ಬೇರು ಬಿಡುತ್ತದೆ. ಅದಕ್ಕೆ ನಾವ್ಯಾರೂ ತಲೆ ಕೆಡಿಸಿಕೊಂಡವರಲ್ಲ. ಅಮಾವಾಸ್ಯೆ ಬಂತೆಂದರೆ ಮನೆಯಲ್ಲಿರುವ ಮರವನ್ನೆಲ್ಲ ಒಂದು ಗೇಣು ಆಚೆ ಸರಿಸುತ್ತೇವೆ, ಅಷ್ಟೆ. ಊರಿಗೆ ಹೋಗುವವರು ಪಕ್ಕದ ಮನೆಯವರಿಗೆ ಬೀಗದ ಕೈ ಕೊಡುವುದಿಲ್ಲ, "ವಾರಕ್ಕೊಂದು ಸಲ ಬಾಗಿಲು ಅಲ್ಲಾಡಿಸ್ರಪ್ಪಾ" ಎಂದು ಹೇಳಿ ಹೋಗುತ್ತಾರೆ. ಮಾತು ಬಿಟ್ಟ ಅಕ್ಕಪಕ್ಕದ ಮನೆಯವರು ಕೂಡ ಮುಖ ಆ ಕಡೆ ತಿರುಗಿಸಿಕೊಂಡು ಒಬ್ಬರ ಬಾಗಿಲನ್ನು ಒಬ್ಬರು ಅಲ್ಲಾಡಿಸುತ್ತಾರೆ. ಮರೆತವರ ಪಾಡು ಮರೆತವರಿಗೆ. ಪಂಚಾಯಿತಿ ಗುಮಾಸ್ತ ಕರಿಬಸಯ್ಯ ಮೂರು ವರ್ಷ ಆಫೀಸಿನ ಕಡೆ ತಲೆ ಹಾಕದೆ ಅವನು ಮನೆಯಿಂದ ತಂದಿಟ್ಟಿದ್ದ ಸ್ವಂತ ಕುರ್ಚಿ ಹಲಸಿನ ಮರವಾಯಿತು. ಹಣ್ಣು ಬಿಟ್ಟಿದೆ ಎಂಬ ಸುದ್ದಿ ಹೋದ ದಿನ ಮಾತ್ರ ಚೀಲ ಹಿಡಿದುಕೊಂಡು ಹಾಜರಾದ. "ಕುರ್ಚಿ ನಂದು, ಹಣ್ಣೂ ನಂದು" ಎಂದ. ಒಪ್ಪಿದೆವು. ಅವನ ಕೆಲಸದಿಂದ ಊರಿಗೆ ಆದ ಲಾಭ ಅದೊಂದೇ, ಅದನ್ನೂ ಅವನೇ ತಿಂದ.

ನನ್ನ ಹೆಸರು ದ್ಯಾವಕ್ಕ. ಶಾಲೆಯ ಬೆಂಚು, ಅಂಚೆಮನೆಯ ಸ್ಟೂಲು, ಛತ್ರದ ಮಣೆ, ಹೀಗೆ ಊರಿಗೆಲ್ಲ ಸೇರಿದ ಮರವನ್ನು ಕದಲಿಸುವುದು ನನ್ನ ಕೆಲಸ. ಐವತ್ತು ವರ್ಷ ಮಾಡಿದ್ದೇನೆ. ಓದು ಎರಡನೇ ಕ್ಲಾಸಿಗೆ ನಿಂತಿತು. ಬೇಸಿಗೆ ರಜೆ ಮುಗಿಸಿ ಹೋದಾಗ ನನ್ನ ಬೆಂಚು ಬೇರು ಬಿಟ್ಟಿತ್ತು. ಕಡಿಸಿ ಹೇಳಿಕಳಿಸುತ್ತೇನೆ ಎಂದ ಮೇಷ್ಟ್ರು ಹೇಳಿಕಳಿಸಲೇ ಇಲ್ಲ. ಆ ಸಿಟ್ಟಿಗೋ ಏನೋ, ನನ್ನ ಕೈಗೆ ಬಂದ ಮೇಲೆ ಊರಿನ ಒಂದು ಸಾಮಾನನ್ನೂ ಬೇರು ಬಿಡಲು ನಾನು ಬಿಟ್ಟವಳಲ್ಲ. ಒಂದೇ ಒಂದನ್ನು ಬಿಟ್ಟೆ.

ಇಸ್ರೇಲಿನವರೂ ಪ್ಯಾಲೆಸ್ಟೀನಿನವರೂ ಶಾಂತಿಯ ಮಾತುಕತೆಗೆಂದು ನಮ್ಮೂರಿಗೆ ಬಂದದ್ದು ನಮ್ಮೂರು ಚೆನ್ನಾಗಿದೆ ಎಂದಲ್ಲ. ನಮ್ಮೂರು ಯಾವ ನಕ್ಷೆಯಲ್ಲೂ ಇಲ್ಲ ಎಂದು. ಹೆಸರಿರುವ ಊರುಗಳಲ್ಲೆಲ್ಲ ಕೂತು ಮುಗಿದಿತ್ತಂತೆ. ಒಂದೊಂದು ಊರಲ್ಲೂ ಒಂದು ಒಪ್ಪಂದ, ಒಂದು ಕೈಕುಲುಕಾಟ, ಒಂದು ಫೋಟೋ. ಆಮೇಲೆ ಒಪ್ಪಂದ ಮುರಿದು, ಅದಕ್ಕಿಟ್ಟ ಊರಿನ ಹೆಸರೂ ಹಾಳಾಗಿ, ಆ ಊರಿನವರು "ನಮ್ಮನ್ನ ಬಿಟ್ಟುಬಿಡಿ ಸ್ವಾಮಿ" ಎಂದು ಕೈ ಮುಗಿದಿದ್ದರಂತೆ. ನಮ್ಮ ಮೇಲೆ ಎರಡೂ ಕಡೆಯವರಿಗೆ ತಕರಾರಿರಲಿಲ್ಲ, ಯಾಕೆಂದರೆ ಇಬ್ಬರೂ ನಮ್ಮ ಸುದ್ದಿಯನ್ನೇ ಕೇಳಿರಲಿಲ್ಲ. ಮಧ್ಯಸ್ಥಿಕೆಗೆ ಬಂದವನು ಹಿಮ ಬೀಳುವ ಯಾವುದೋ ದೇಶದ ಗುನ್ನಾರ್ ಎಂಬ ಸಾಹೇಬ. ಆರೂಕಾಲು ಅಡಿ ಎತ್ತರ, ಬೆಳ್ಳಗೆ ಸುಣ್ಣ ಬಳಿದ ಕಂಬದ ಹಾಗೆ. ನಮ್ಮ ಛತ್ರವನ್ನು ಅವರಿಗೆ ಬಿಟ್ಟುಕೊಟ್ಟೆವು. ಹದಿನೈದು ದಿನದ ಮಾತು ಎಂದರು. ಮೂರು ವರ್ಷ ನಮ್ಮೂರಿನ ಮದುವೆಗಳೆಲ್ಲ ಎಣ್ಣೆಗಾಣದ ಅಂಗಳದಲ್ಲಿ ನಡೆದವು. ಆ ಕಾಲದಲ್ಲಿ ಮದುವೆಯಾದವರ ರೇಷ್ಮೆ ಸೀರೆಗಳಲ್ಲಿ ಇವತ್ತಿಗೂ ಹಿಂಡಿಯ ವಾಸನೆ.

ಮೇಜನ್ನು ಗುನ್ನಾರ್ ತನ್ನ ಜೊತೆಯೇ ತಂದಿದ್ದ. ಉದ್ದನೆಯ ದಪ್ಪ ಹಲಗೆಯ ಮೇಜು. ಮೊದಲ ದಿನ ಎಲ್ಲರೆದುರು ಅದರ ಬೆನ್ನು ತಟ್ಟಿ, "ಇದು ನಿಮ್ಮ ನೆಲದ್ದೇ ಮರ. ಅಲ್ಲೊಂದು ಗುಡ್ಡದ ಮೇಲೆ ರಸ್ತೆ ಹಾಕುವಾಗ ಉರುಳಿದ ಆಲಿವ್ ಮರ" ಎಂದು ಗುಡ್ಡದ ಹೆಸರನ್ನೂ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ಗೋಡೆಗೊರಗಿ ನಿಂತಿದ್ದ ಇಬ್ಬರು ಮುದುಕರು ಮಾತ್ರ ತಟ್ಟಲಿಲ್ಲ.

ಮೇಜನ್ನು ಎಲ್ಲಿಡಬೇಕು ಎಂಬುದಕ್ಕೆ ಹನ್ನೊಂದು ದಿನ ಹಿಡಿಯಿತು. ಛತ್ರಕ್ಕೆ ಎರಡು ಬಾಗಿಲು, ಒಂದೊಂದು ಕಡೆಯವರಿಗೆ ಒಂದೊಂದು. ಎರಡು ಬಾಗಿಲಿಂದಲೂ ಮೇಜು ಸಮ ದೂರದಲ್ಲಿರಬೇಕು. ಅಳೆದವರು ಆ ಇಬ್ಬರು ಮುದುಕರೇ, ಇಬ್ಬರೂ ತಂತಮ್ಮ ಕಡೆಯ ನಕ್ಷೆಯವರು. ಕೊನೆಗೆ ಎರಡೂ ಕಡೆಯವರು ಒಂದು ಕಾಗದಕ್ಕೆ ಸಹಿ ಹಾಕಿದರು: ಮಾತುಕತೆ ಈ ಮೇಜಿನ ಮೇಲೆಯೇ ನಡೆಯತಕ್ಕದ್ದು, ಇಬ್ಬರ ಒಪ್ಪಿಗೆಯಿಲ್ಲದೆ ಇದನ್ನು ಕೂದಲೆಳೆಯಷ್ಟೂ ಕದಲಿಸತಕ್ಕದ್ದಲ್ಲ. ಮೂರು ವರ್ಷದಲ್ಲಿ ಇಬ್ಬರೂ ಸಹಿ ಹಾಕಿದ ಕಾಗದ ಅದೊಂದೇ ಎಂದು ಆಮೇಲೆ ತಿಳಿಯಿತು. ನಾನು ದುಭಾಷಿಯನ್ನು ಕರೆದುಕೊಂಡು ಗುನ್ನಾರನ ಹತ್ತಿರ ಹೋಗಿ, "ಸಾಹೇಬರೇ, ಇಲ್ಲಿ ಕದಲಿಸದಿದ್ರೆ ಆಗಾಕಿಲ್ಲ" ಎಂದೆ. ಅವನು ನನ್ನ ಕೈ ಹಿಡಿದು ಕುಲುಕಿ, "ನಿಮ್ಮ ಜಾನಪದ ನನಗೆ ಬಹಳ ಇಷ್ಟ" ಎಂದ.

ಆ ಇಬ್ಬರು ಮುದುಕರ ವಿಷಯ ಹೇಳಬೇಕು. ಪ್ಯಾಲೆಸ್ಟೀನಿನ ಕಡೆಯವನು ನಸ್ರಿ: ಕುಳ್ಳ, ದಪ್ಪ ಮೀಸೆ, ಕೂತರೆ ಏಳಲಾರ. ಇಸ್ರೇಲಿನ ಕಡೆಯವನು ಅವ್ನೇರ್: ಒಣಕಲು, ದಪ್ಪ ಕನ್ನಡಕ, ನಿಂತರೆ ಕೂರಲಾರ. ಇಬ್ಬರಿಗೂ ಮೇಜಿನ ಹತ್ತಿರ ಜಾಗವಿಲ್ಲ. ನಕ್ಷೆ ಬೇಕಾದಾಗ ಕರೆಯುತ್ತಾರೆ, ಇಲ್ಲದಿದ್ದರೆ ಛತ್ರದ ಮೆಟ್ಟಿಲ ಮೇಲೆ ಕಾದಿರಬೇಕು. ಮೂವತ್ತು ವರ್ಷದಿಂದ ಊರೂರು ಸುತ್ತಿ ಹೀಗೆ ಬಾಗಿಲಾಚೆ ಎದುರುಬದುರು ಕಾಲ ಕಳೆದವರು. ನಸ್ರಿಯ ಸಕ್ಕರೆ ಕಾಯಿಲೆ ಅವ್ನೇರನಿಗೆ ಗೊತ್ತು, ಅವ್ನೇರನ ಮಂಡಿನೋವು ನಸ್ರಿಗೆ ಗೊತ್ತು. ಒಂದೇ ತಿಂಗಳಿಗೆ ಇಬ್ಬರೂ ನಮ್ಮ ಮಾತು ಕಲಿತರು. ಕೆಲಸವಿಲ್ಲದವರಿಗೆ ಭಾಷೆ ಬೇಗ ಬರುತ್ತದೆ. ಕಲಿಸಿದವಳು ನಾನಾದ್ದರಿಂದ ಇಬ್ಬರ ಬಾಯಲ್ಲೂ ನನ್ನ ಬೈಗುಳವೇ.

"ಒಳಗೆ ಏನ್ ನಡೀತದೆ?" ಎಂದು ಕಾಫಿ ಕೊಡುತ್ತಾ ಕೇಳುತ್ತಿದ್ದೆ.

"ಕುರ್ಚಿ ವಿಷಯ" ಎನ್ನುತ್ತಿದ್ದ ನಸ್ರಿ.

"ನಿನ್ನೇನೂ ಕುರ್ಚಿ ವಿಷಯಾನೇ ಅಲ್ವೇನಪ್ಪಾ?"

"ನಿನ್ನೆ ಕುರ್ಚಿ ಕಾಲು. ಇವತ್ತು ಕುರ್ಚಿ ಬೆನ್ನು" ಎನ್ನುತ್ತಿದ್ದ ಅವ್ನೇರ್.

ಒಂದು ದಿನ ನಸ್ರಿ ಅವ್ನೇರನ ನಕ್ಷೆಯನ್ನು ಕಿತ್ತುಕೊಂಡು ನನ್ನೆದುರು ಹಾಸಿದ. "ದ್ಯಾವಕ್ಕಾ, ನೀನೇ ನ್ಯಾಯ ಹೇಳು. ಆ ಗುನ್ನಾರ ಹೇಳಿದ ಗುಡ್ಡ ಇದೇ. ಈ ಇಳಿಜಾರು ನಮ್ಮಪ್ಪಂದು. ಇದರ ಮೇಲೆ ಏನೈತೆ?"

"ಏನೂ ಇಲ್ವಲ್ಲಪ್ಪ. ಏನೋ ಬರ್ದಂಗೈತೆ."

"ಬರಡು ಅಂತ ಬರೆದವ್ನೆ, ಈ ಮುದಿಗೂಬೆ! ಮೂವತ್ತೊಂದು ಆಲಿವ್ ಮರ ಇದ್ವು. ನಮ್ಮವ್ವ ಅದರ ಎಣ್ಣೆ ಹಚ್ಚಿ ನಮ್ಮ ತಲೆ ಬಾಚ್ತಿದ್ಲು. ಬರಡಂತೆ!"

"ನನಗೆ ಬರಿ ಅಂದಿದ್ದನ್ನ ನಾನು ಬರೆದೆ" ಎಂದ ಅವ್ನೇರ್. ಅವನ ದನಿ ಮೇಲೇಳಲಿಲ್ಲ. "ಈಗ ಇವನ ನಕ್ಷೆ ಕೇಳಕ್ಕ. ಅದ್ರಲ್ಲಿ ನಮ್ಮೂರೇ ಇಲ್ಲ. ನಾನು ಹುಟ್ಟಿದ ಮನೆ, ನಮ್ಮವ್ವ ಸತ್ತ ಮನೆ. ಅಲ್ಲಿ ಗೋಧಿ ಹೊಲ ಬರೆದವ್ನೆ."

"ಗೋಧಿ ಹೊಲಾನೇ ಇತ್ತು."

"ಯಾವಾಗ ಇತ್ತು?"

"ನಿಮ್ಮವ್ವ ಬರೋಕೆ ಮುಂಚೆ."

ಅವ್ನೇರ್ ಕಾಫಿ ಲೋಟ ಕೆಳಗಿಟ್ಟ. ನಾನು ನಕ್ಷೆ ಮಡಚಿ ಕೊಟ್ಟೆ. "ನಿಮ್ಮ ಹತ್ರ ಸೀಸದಕಡ್ಡಿ ಐತಲ್ಲ, ಇವನ ಮರ ನೀನು ಬರಿ, ಅವನ ಮನೆ ನೀನು ಬರಿ, ಮುಗೀತಲ್ಲ" ಎಂದೆ. ಇಬ್ಬರೂ ನನ್ನನ್ನು ಹಾಲು ಕುಡಿಯುವ ಕೂಸನ್ನು ನೋಡುವ ಹಾಗೆ ನೋಡಿದರು. ನಕ್ಷೆಯವರು ಪೆನ್ನು ಮುಟ್ಟುವಂತಿಲ್ಲವಂತೆ, ಅಳಿಸಲು ಬಾರದ್ದನ್ನು ಬರೆಯುವ ಅಧಿಕಾರ ಅವರಿಗಿಲ್ಲ. ಸೀಸದಕಡ್ಡಿಯಲ್ಲಿ ಬರೆದರೋ, ಸಂಜೆಯೊಳಗೆ ಮೇಲಿನವರು ಅಳಿಸುತ್ತಾರೆ. "ಹಂಗಾದ್ರೆ ನೀವು ಮೂವತ್ತು ವರ್ಷ ಮಾಡಿದ್ದೇನ್ರೋ?" ಎಂದೆ. "ಸೀಸದಕಡ್ಡಿ ಹೆರೆದ್ವಿ" ಎಂದ ನಸ್ರಿ.

ನಲವತ್ತೇಳನೆಯ ದಿನ ಬಂತು. ಸಹಿಯ ಕಾಗದ ಅವರದು, ಛತ್ರದ ನೆಲ ನಮ್ಮದು. ಅವರ ಒಪ್ಪಂದಕ್ಕೆ ನಮ್ಮೂರಿನ ಕಲ್ಲುಹಾಸು ಸೀಳಬೇಕೆ? ಬೆಳಗ್ಗೆ ಕಸ ಗುಡಿಸುವ ನೆಪದಲ್ಲಿ ಒಳಗೆ ಹೋದೆ. ಒಂದು ಹೆಗಲು ಕೊಟ್ಟರೆ ಸಾಕು, ನಾಲ್ಕು ಬೆರಳು ಸರಿಸಿ ಮತ್ತೆ ಅಲ್ಲಿಗೇ ತಂದಿಟ್ಟರೆ ಯಾವ ನಕ್ಷೆಯವನಿಗೂ ತಿಳಿಯುವುದಿಲ್ಲ. ಬಗ್ಗಿ ಹೆಗಲು ಕೊಡುವಷ್ಟರಲ್ಲಿ, "ಅಕ್ಕಾ, ತಡಿ" ಎಂಬ ದನಿ ಬಂತು. ಕೂತರೆ ಏಳಲಾರದ ನಸ್ರಿ ಮೇಜಿನ ಆಚೆ ತುದಿಯಲ್ಲಿ ಮಂಡಿಯೂರಿ ಕೂತಿದ್ದ. ಅವನ ಕೈ ಹಲಗೆಯ ತುದಿಯಂಚಿನ ನಡುವೆ ಇತ್ತು. ಅಲ್ಲಿ ಮರ ಸುತ್ತಿಕೊಂಡು ಬೆಳೆದ ಗಂಟು, ಗಂಟಿನೊಳಗೆ ಬಳೆಯಷ್ಟಗಲದ ತುಕ್ಕಿನ ಗುರುತು.

"ನಮ್ಮಪ್ಪ ಕತ್ತೆ ಕಟ್ಟೋಕೆ ಹೊಡೆದಿದ್ದ ಕಬ್ಬಿಣದ ಬಳೆ ಇದು" ಎಂದ. "ಮರ ಅದನ್ನ ನುಂಗ್ಕೊಂಡಿತ್ತು. ನಾನು ಚಿಕ್ಕೋನಿದ್ದಾಗ ಬೆರಳು ಹಾಕಿದ್ರೆ ತುದಿ ಸಿಗ್ತಿತ್ತು. ಮೂವತ್ತೊಂದ್ರಲ್ಲಿ ಇದೊಂದು ಐತೆ ಅಕ್ಕಾ. ಉಳಿದವು ಯಾರ ಒಲೆಗೆ ಹೋದ್ವೋ. ಇನ್ನೊಂದು ದಿನ ಬಿಟ್ರೆ ಬೇರು ಬಿಡ್ತದೆ ಅಂತ ನೀನೇ ಹೇಳಿದ್ದೀಯ."

"ಬೇರು ಬಿಟ್ರೆ ನನ್ನ ಕೆಲಸ ಹೋಗ್ತದೆ ಕಣಪ್ಪ."

ಎಪ್ಪತ್ತು ದಾಟಿದ ಗಂಡಸು ಹಲಗೆಯ ತೂತಿನಲ್ಲಿ ಕಿರುಬೆರಳು ಹಾಕಿಕೊಂಡು ನನ್ನ ಮುಖ ನೋಡುತ್ತಾ ಕೂತ. ನಾನು ಪೊರಕೆ ಎತ್ತಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಐವತ್ತು ವರ್ಷದಲ್ಲಿ ಮಾಡಬೇಕಾದ್ದನ್ನು ಮಾಡದೆ ಕೂತದ್ದು ಅದೊಂದೇ ದಿನ. ಮೆಟ್ಟಿಲ ಬಳಿ ನಿಂತಿದ್ದ ಅವ್ನೇರ್ ನನ್ನನ್ನೂ ಪೊರಕೆಯನ್ನೂ ನೋಡಿದ. "ಕದಲಿಸಲಿಲ್ವಾ?" ಎಂದ. "ಕದಲಿಸಬಾರದು ಅಂತ ನೀವೇ ಅಲ್ವಾ ಬರ್ಕೊಟ್ಟಿರೋದು" ಎಂದೆ. ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

ಮೊದಲು ಚಿಗುರಿದ್ದು ಸೀಸದಕಡ್ಡಿಗಳು. ಒಬ್ಬೊಬ್ಬರ ಮುಂದೂ ಒಂದೊಂದು ಕಡ್ಡಿ ನೇರವಾಗಿ ಇಟ್ಟಿದ್ದರು. ಬರೆದುಕೊಳ್ಳುವಂಥ ಮಾತು ಯಾರೂ ಆಡಿರಲಿಲ್ಲವಾದ್ದರಿಂದ ಅವನ್ನು ಮುಟ್ಟಿದವರಿಲ್ಲ. ನಲವತ್ತೊಂಬತ್ತನೆಯ ದಿನ ಬಂದು ನೋಡಿದರೆ ಈ ಕಡೆ ಹನ್ನೆರಡು, ಆ ಕಡೆ ಹನ್ನೆರಡು, ದೇವದಾರು ಸಸಿಗಳು ಸಾಲಾಗಿ ನಿಂತು ತಲೆಯಾಡಿಸುತ್ತಿದ್ದವು. ಆ ಮೇಜಿನ ಹತ್ತಿರ ಎರಡೂ ಕಡೆಯವರು ಸಮವಾಗಿ ತಲೆಯಾಡಿಸಿದ್ದು ಅದೇ ಮೊದಲು. ಆಮೇಲೆ ಮೇಜಿನ ನಾಲ್ಕು ಕಾಲೂ ಕಲ್ಲುಹಾಸನ್ನು ಸೀಳಿಕೊಂಡು ನೆಲಕ್ಕಿಳಿದವು. ಹಲಗೆಯ ಗಂಟಿನಿಂದ ಬೆಳ್ಳಿಬಣ್ಣದ ಎಲೆ ಬಂತು. ಗುನ್ನಾರ್ ಒಂದು ದಿನವಿಡೀ ಮಂಡಿಯ ಮೇಲೆ ಕೂತು ಮೇಜಿನ ಕೆಳಗೆ ನೋಡಿದ. ಮೇಲೆದ್ದು ನನ್ನ ಹತ್ತಿರ ಬಂದು, "ಜಾನಪದ ಅಂದಿದ್ದು ತಪ್ಪಾಯಿತು" ಎಂದ. ಒಳ್ಳೆಯ ಮನುಷ್ಯ. ನನ್ನ ಕೆಲಸವೇನೂ ಹೋಗಲಿಲ್ಲ. ಪಂಚಾಯಿತಿಯವರು ಬೈದು ಒಂದು ಕಾಗದ ಕೊಟ್ಟರು, ಅದನ್ನು ಓದುವಷ್ಟು ಓದು ನನಗಿಲ್ಲವಾದ್ದರಿಂದ ನೋವಾಗಲಿಲ್ಲ.

ಮರ ಬೆಳೆದ ಹಾಗೆ ದೊಡ್ಡವರು ಅದಕ್ಕೆ ಹೊಂದಿಕೊಂಡರು. ಹೆಂಚು ತೆಗೆಸಿ ಆಕಾಶಕ್ಕೆ ದಾರಿ ಮಾಡಿದರು. ಎಲೆ ಅಡ್ಡ ಬಂದು ಎದುರಿನವರ ಮುಖ ಕಾಣದಂತಾಯಿತು, ಅದರಿಂದ ಮಾತು ಸ್ವಲ್ಪ ಮೆತ್ತಗಾಯಿತು. ಆದರೆ ನೆರಳಿನ ತಕರಾರು ಶುರುವಾಯಿತು. ಬೆಳಗ್ಗೆ ನೆರಳು ಒಂದು ಕಡೆಯವರ ಮೇಲೆ, ಸಂಜೆ ಇನ್ನೊಂದು ಕಡೆಯವರ ಮೇಲೆ. ನೆರಳಿನ ಉಪಸಮಿತಿ ಕೂತು ನಾಲ್ಕು ತಿಂಗಳು ಯೋಚಿಸಿ, ನಡುಮಧ್ಯಾಹ್ನ ಮಾತ್ರ ನೆರಳು ಸಮ ಎಂದು ಕಂಡುಹಿಡಿಯಿತು. ನಡುಮಧ್ಯಾಹ್ನ ಊಟದ ಹೊತ್ತು. ಹಾಗಾಗಿ ಒಂದು ಇಡೀ ಬೇಸಿಗೆ ಅವರು ಊಟ ಬಿಟ್ಟು ಬೇರೇನೂ ಮಾಡಲಿಲ್ಲ. ನಮ್ಮೂರಿನ ಮುದ್ದೆ ಎರಡೂ ಕಡೆಯವರಿಗೂ ಇಳಿಯುತ್ತಿರಲಿಲ್ಲ, ಅದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ.

ನಸ್ರಿ ಮಾತ್ರ ದಿನಾ ಬೆಳಗ್ಗೆ ಬಂದು ಬುಡಕ್ಕೆ ಒಂದು ಚೊಂಬು ನೀರು ಹಾಕುತ್ತಿದ್ದ. ಅವನು ಸಕ್ಕರೆ ಏರಿ ಮಲಗಿದ ವಾರ ನೀರು ಯಾರು ಹಾಕಿದರೆಂದು ನಾನು ಅವನಿಗೆ ಹೇಳಲಿಲ್ಲ. ಚೊಂಬು ಮಾತ್ರ ಅವ್ನೇರನ ಕೋಣೆಯಲ್ಲಿ ಸಿಕ್ಕಿತು.

ಇದೆಲ್ಲ ನಗುವ ವಿಷಯವೇ. ಆದರೂ ಒಂದು ದಿನ ಹೀಗಾಯಿತು. ಅವರ ನೆಲದಲ್ಲಿ ಬಾಂಬು ಬಿದ್ದ ಸುದ್ದಿ ಬಂತು. ಇಬ್ಬರು ಮುದುಕರ ಫೋನೂ ಒಂದೇ ಹೊತ್ತಿಗೆ ಬಡಿದುಕೊಂಡವು. ಒಬ್ಬ ಆ ಮೆಟ್ಟಿಲಲ್ಲಿ, ಒಬ್ಬ ಈ ಮೆಟ್ಟಿಲಲ್ಲಿ, ಫೋನು ಕಿವಿಗೆ ಹಿಡಿದು ಒಂದೇ ಪ್ರಶ್ನೆಯನ್ನು ತಂತಮ್ಮ ಭಾಷೆಯಲ್ಲಿ ಕೇಳುತ್ತಿದ್ದರು. ಭಾಷೆ ಬಾರದಿದ್ದರೂ ನನಗೆ ತಿಳಿಯಿತು: ಯಾರ್‍ಯಾರು ಮನೆಗೆ ಬಂದರು, ಯಾರು ಇನ್ನೂ ಬಂದಿಲ್ಲ. ಕಾಫಿ ಆರಿತು. ಮತ್ತೆ ಬಿಸಿ ಮಾಡಿ ತಂದೆ, ಮತ್ತೆ ಆರಿತು. ಸಂಜೆ ಹೊತ್ತಿಗೆ ನಸ್ರಿ, "ಒಳಗಿನವರು ಕುರ್ಚಿ ಬೆನ್ನಿನ ವಿಷಯಾನೇ ಮಾತಾಡ್ಲಿ ಅಕ್ಕಾ, ಎದ್ದು ಮಾತ್ರ ಹೋಗದಿರ್ಲಿ" ಎಂದ. ಅವ್ನೇರ್ ತಲೆಯಾಡಿಸಿದ. ಅವತ್ತಿನಿಂದ ಕುರ್ಚಿಯ ವಿಷಯಕ್ಕೆ ನಾನು ನಗುವುದನ್ನು ಸ್ವಲ್ಪ ಕಡಿಮೆ ಮಾಡಿದೆ.

ಮೂರನೆಯ ವರ್ಷ ಮರ ಕಾಯಿ ಬಿಟ್ಟಿತು, ಹಸಿರು ಹೋಗಿ ಕಪ್ಪಾಯಿತು. ಆ ಕಾಯಿ ಯಾರದೆಂದು ಒಳಗೆ ಚರ್ಚೆ ನಡೆದಿರುವಾಗಲೇ ಗುನ್ನಾರನ ಮೇಲಿನವರಿಂದ ಅಪ್ಪಣೆ ಬಂತು. ಇನ್ನು ಮುಂದಿನ ಮಾತು ದೂರದ ಯಾವುದೋ ಕೆರೆಯ ದಡದ ಒಂದು ದೊಡ್ಡ ಹೋಟೆಲಿನಲ್ಲಿ. ಎರಡೂ ಕಡೆಯವರಿಗೆ ಖುಷಿಯೋ ಖುಷಿ, ಮುದ್ದೆ ತಪ್ಪಿತಲ್ಲ. ಆದರೆ ಮಾತುಕತೆ ಈ ಮೇಜಿನ ಮೇಲೆಯೇ ನಡೆಯತಕ್ಕದ್ದು ಎಂದು ಸಹಿಯಾಗಿದೆ. ಒಪ್ಪಿಕೊಂಡಿರುವುದು ಅದೊಂದನ್ನೇ, ಅದನ್ನೂ ಮುರಿದರೆ ಜನ ಏನೆಂದಾರು? ಆದ್ದರಿಂದ ಬೇರು ಕತ್ತರಿಸಿ, ಕೊಂಬೆ ಸವರಿ, ಹಲಗೆ ಬೋಳು ಮಾಡಿ ಮೇಜನ್ನು ಹೊತ್ತೊಯ್ಯುವುದೆಂದು ಆಯಿತು. ನಮ್ಮೂರಿನವರ ಬೇರುಬಿಟ್ಟ ಮಂಚಗಳನ್ನೆಲ್ಲ ಕೊಯ್ಯುವ ಮಾರೆಪ್ಪ ಗರಗಸ ತಂದು ಛತ್ರದ ಗೋಡೆಗೆ ಒರಗಿಸಿಟ್ಟ. ಅದಕ್ಕೂ ಮೊದಲು ಒಂದೇ ಒಂದು ಕೆಲಸ ಬಾಕಿ. ಹೊಸ ಜಾಗದಲ್ಲೂ ಅರ್ಧ ಅವರಿಗೆ ಅರ್ಧ ಇವರಿಗೆ ಸರಿಯಾಗಿ ಬರುವಂತೆ ಇಡಬೇಕಲ್ಲ, ಅದಕ್ಕೆ ನಕ್ಷೆಯವರಿಬ್ಬರೂ ಮೇಜನ್ನು ಅಳೆದು, ನಡುಗೆರೆ ಎಳೆದು, ಒಂದೇ ಕಾಗದಕ್ಕೆ ಸಹಿ ಹಾಕಬೇಕು. ಅರ್ಧ ಗಂಟೆಯ ಕೆಲಸ.

ನಸ್ರಿ ಆ ದಿನ ಮೆಟ್ಟಿಲ ಮೇಲೆ ಕಾಫಿ ಮುಟ್ಟಲಿಲ್ಲ. "ಅವ್ನೇರ್, ಮೂವತ್ತು ವರ್ಷದಲ್ಲಿ ನಿನ್ನ ಹತ್ರ ನಾನು ಏನೂ ಕೇಳಿಲ್ಲ" ಎಂದ.

"ದಿನಾ ಕೇಳ್ತೀಯ. ನೀರು ಕೇಳ್ತೀಯ, ರಸ್ತೆ ಕೇಳ್ತೀಯ, ಗುಡ್ಡ ಕೇಳ್ತೀಯ."

"ಅದು ಒಳಗಿನವರು ಕೇಳೋದು. ಈಗ ನಾನು ಕೇಳ್ತಾ ಇದೀನಿ. ಅಳತೆಗೆ ಒಪ್ಪಬೇಡ. ನಾನೂ ಒಪ್ಪಲ್ಲ."

ನನಗೆ ಹೆದರಿಕೆಯಾಯಿತು. "ಅಲ್ರಪ್ಪಾ, ಒಂದು ಮರಕ್ಕೋಸ್ಕರ ಮಾತು ನಿಂತುಹೋದ್ರೆ? ಅಲ್ಲಿ ಜನ ಸಾಯ್ತಾರಲ್ಲ?" ಎಂದೆ.

ಅವ್ನೇರ್ ಗರಗಸದ ಕಡೆ ನೋಡಿದ. "ಮಾತು ನಿಲ್ಲಲ್ಲ ಅಕ್ಕಾ. ಹೋಟೆಲು ಬುಕ್ ಆಗಿದೆ" ಎಂದ. ಆಮೇಲೆ ನಸ್ರಿಯ ಕಡೆ ತಿರುಗಿ, "ಒಪ್ಪದೆ ಇರೋದೇ ನಮ್ಮ ಕಸುಬು. ಅದಕ್ಕೆ ಇಷ್ಟು ಬೇಡ್ಕೋಬೇಕೇನೋ ಹಲ್ಕಾ?" ಎಂದ.

ಮಾರನೆಯ ದಿನದ ಜಗಳವನ್ನು ನಮ್ಮೂರು ಇನ್ನೂ ಮರೆತಿಲ್ಲ. ಇಬ್ಬರೂ ಟೇಪು ಹಿಡಿದು ಅಳೆದರು. ನಡುಗೆರೆ ಕಾಂಡದ ಎದೆಯ ಮೇಲೆ ಹಾಯಬೇಕು ಎಂದ ಅವ್ನೇರ್. ತುಕ್ಕಿನ ಬಳೆಯ ಮೇಲೆ ಹಾಯಬೇಕು ಎಂದ ನಸ್ರಿ. ವ್ಯತ್ಯಾಸ ಎರಡು ಬೆರಳು.

"ಎರಡು ಬೆರಳು ನಮ್ಮದು ಬಿಡಲ್ಲ ಕಣೋ, ಮುದಿಗೂಬೆ!" ಎಂದು ನಸ್ರಿ ಮೇಜು ಗುದ್ದಿದ. ಎಲೆ ಉದುರಿದವು.

"ಎರಡಲ್ಲ, ಎರಡೂಕಾಲು! ಮೊದಲು ಎಣಿಸೋದು ಕಲಿ, ಮೂದೇವಿ!" ಎಂದು ಅವ್ನೇರ್ ಟೇಪನ್ನು ಎಸೆದ.

ನನ್ನ ಬೈಗುಳಗಳನ್ನು ಅಷ್ಟು ಚೆನ್ನಾಗಿ ಬಳಸಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಇಬ್ಬರ ಕೆನ್ನೆಯೂ ಮದುವೆಗಂಡಿನ ಕೆನ್ನೆಯಂತೆ ಕೆಂಪಗಾಗಿದ್ದವು. ಅಲ್ಲಿವರೆಗೆ ಉಗುರು ಕತ್ತರಿಸುತ್ತಾ ಕೂತಿದ್ದ ದೊಡ್ಡವರು ಒಬ್ಬೊಬ್ಬರಾಗಿ ಎದ್ದು ನಿಂತರು. ತಮ್ಮ ನಕ್ಷೆಯವನಿಗೆ ಎದುರಿನವರ ನಕ್ಷೆಯವನು ಮೂದೇವಿ ಎಂದನೆಂದರೆ ಮಾನದ ಪ್ರಶ್ನೆ ಅಲ್ಲವೆ? ಎರಡು ಬೆರಳಿಗೆ ಚರಿತ್ರೆ ಬಂತು, ದೇವರು ಬಂದ, ತಾತಂದಿರು ಬಂದರು. ಗುನ್ನಾರ್ ಕೈ ಮೇಲೆತ್ತಿ, "ಮಹನೀಯರೇ, ಇದು ಬರೀ ಮೇಜು!" ಎಂದು ಕೂಗಿದ. ಎರಡೂ ಕಡೆಯ ಮುಖ್ಯಸ್ಥರು ಒಟ್ಟಿಗೇ ಅವನ ಕಡೆ ತಿರುಗಿ, "ನಿಮಗೆ ಅರ್ಥವಾಗುವುದಿಲ್ಲ" ಎಂದರು. ಮೂರು ವರ್ಷದಲ್ಲಿ ಇಬ್ಬರೂ ಒಟ್ಟಿಗೆ ಹೇಳಿದ ಮಾತು ಅದೊಂದೇ.

ಜಗಳ ಒಂದು ಮಂಡಲ ಮೀರಿ ನಡೆಯಿತು. ಹೇಗೆ ಗೊತ್ತು ಎಂದರೆ, ಮಾರೆಪ್ಪ ಗೋಡೆಗೆ ಒರಗಿಸಿಟ್ಟ ಗರಗಸದ ಹಿಡಿ ಚಿಗುರಿತು. ಊರಿನವರ ಮಂಚಕ್ಕೆಲ್ಲ ಬುದ್ಧಿ ಹೇಳುತ್ತಿದ್ದ ಮಾರೆಪ್ಪ ನಾಚಿಕೆಯಿಂದ ಅದನ್ನು ಕಿತ್ತುಕೊಂಡು ಮನೆಗೆ ಹೋದ. ಕೊನೆಗೆ ಗುನ್ನಾರನೇ ದಾರಿ ಹುಡುಕಿದ. ಈ ಮೇಜು ಕದಲಿಸಲು ಇಬ್ಬರ ಒಪ್ಪಿಗೆ ಇಲ್ಲ, ಆದ್ದರಿಂದ ಇದು ಇಲ್ಲೇ ಇರತಕ್ಕದ್ದು. ಹೋಟೆಲಿಗೆ ಹೊಸ ಮೇಜು, ಪ್ಲಾಸ್ಟಿಕ್ಕಿನದು, ಕಾಗದದ ಮಟ್ಟಿಗೆ ಅದೂ ಈ ಮೇಜೇ. ಅದಕ್ಕೆ ಎಲ್ಲರೂ ಹೂಂ ಎಂದರು.

ಈಗಲೂ ಅಲ್ಲಿ ಮಾತು ನಡೆಯುತ್ತಿದೆಯಂತೆ. ನಡೆಯಲಿ. ವರ್ಷಕ್ಕೊಂದು ಸಲ ಎರಡು ಕಾಗದ ಬರುತ್ತವೆ, ಎರಡು ಸರ್ಕಾರದವು, ಎರಡರಲ್ಲೂ ಅದೇ ಪ್ರಶ್ನೆ: ಮೇಜು ಕದಲಿದೆಯೇ? ಕದಲಿಲ್ಲ ಎಂದು ಕರಿಬಸಯ್ಯನ ಕೈಲಿ ಬರೆಸಿ ಹೆಬ್ಬೆಟ್ಟು ಒತ್ತಿ ಕಳಿಸುತ್ತೇನೆ. ಪಂಚಾಯಿತಿಯವರು ಅದನ್ನೂ ನನ್ನ ಕೆಲಸಕ್ಕೆ ಸೇರಿಸಿದ್ದಾರೆ. ಊರಿನ ಮರವನ್ನೆಲ್ಲ ಕದಲಿಸುವುದು, ಆ ಒಂದನ್ನು ಕದಲಿಸದಿರುವುದು. ಛತ್ರದಲ್ಲಿ ಮತ್ತೆ ಮದುವೆಗಳಾಗುತ್ತಿವೆ, ಗಂಡು ಹೆಣ್ಣು ಆ ಮರದ ಕೆಳಗೇ ಕೂರುತ್ತಾರೆ, ಹಿಂಡಿಯ ವಾಸನೆ ಇಲ್ಲ.

ಆದರೆ ನಾನು ಹೇಳಬೇಕೆಂದು ಹೊರಟದ್ದು ಅವರು ಊರು ಬಿಟ್ಟ ದಿನದ ಸಂಗತಿ. ಕಾರುಗಳು ಸಾಲಾಗಿ ನಿಂತಿದ್ದವು. ದೊಡ್ಡವರೆಲ್ಲ ಹತ್ತಿ ಕೂತಿದ್ದರು. ನಸ್ರಿ ಮರದ ಬುಡಕ್ಕೆ ಕೊನೆಯ ಚೊಂಬು ನೀರು ಹಾಕಿ ಚೊಂಬನ್ನು ನನಗೆ ಕೊಟ್ಟ. ಅವ್ನೇರ್ ಒಳಗೆ ಬಂದ. ನೆಲದ ಮೇಲೆ ತನ್ನ ನಕ್ಷೆ ಹಾಸಿದ. ನಿಂತರೆ ಕೂರಲಾರದ ಮನುಷ್ಯ ಮಂಡಿ ಕಟಕಟ ಎನಿಸುತ್ತಾ ಅದರ ಮುಂದೆ ಕೂತ. ಜೇಬು ತಡಕಿದ, ಸೀಸದಕಡ್ಡಿ ಇರಲಿಲ್ಲ. ಮೇಜಿನ ಮೇಲೆ ಇದ್ದವೆಲ್ಲ ಆಳೆತ್ತರದ ದೇವದಾರುಗಳಾಗಿದ್ದವು. ಹೊರಗಿಂದ ಪೆನ್ನು ತರಲೇ ಎಂದೆ. ಬೇಡ ಎಂದು ಕೈ ಆಡಿಸಿದ. ಉದುರಿ ಬಿದ್ದಿದ್ದ ಕಪ್ಪು ಆಲಿವ್ ಹಣ್ಣೊಂದನ್ನು ಎತ್ತಿಕೊಂಡು, ಆ ಇಳಿಜಾರಿನ ಮೇಲಿಟ್ಟು, ಹೆಬ್ಬೆಟ್ಟಿನಿಂದ ಅದುಮಿದ. ಎಣ್ಣೆ ಕಾಗದಕ್ಕೆ ಇಳಿದು ಕಪ್ಪಗೆ ಒಂದು ಚುಕ್ಕೆ ಕೂತಿತು. ಅದನ್ನು ಯಾವ ಮೇಲಿನವನೂ ಅಳಿಸಲಾರ.

ನಸ್ರಿ ಬಗ್ಗಿ ನೋಡಿದ. "ಒಂದೇನಾ? ಮೂವತ್ತೊಂದಿದ್ವು" ಎಂದ.

"ಹಣ್ಣು ಆರಿಸ್ಕೊಡು, ಮಾತು ಆಮೇಲೆ" ಎಂದ ಅವ್ನೇರ್.

ಕೂತರೆ ಏಳಲಾರದ ನಸ್ರಿ ಕೂತ. ಒಂದೊಂದೇ ಹಣ್ಣು ಆರಿಸಿ ಕೊಟ್ಟ. ಹೊರಗೆ ಕಾರಿನ ಹಾರ್ನು ಬಡಿಯಿತು. "ಅಲ್ಲಲ್ಲ, ಬಾವಿ ಹತ್ರ, ಸ್ವಲ್ಪ ಎಡಕ್ಕೆ. ಅದು ಚಿಕ್ಕ ಮರ, ಮೆಲ್ಲಗೆ ಒತ್ತು" ಎನ್ನುತ್ತಿದ್ದ. ಅವ್ನೇರನ ಹೆಬ್ಬೆಟ್ಟು ನೇರಳೆ ಬಣ್ಣಕ್ಕೆ ತಿರುಗಿತ್ತು. ಹದಿನೆಂಟಾಯಿತು, ಹತ್ತೊಂಬತ್ತಾಯಿತು. ಹಾರ್ನು ಮತ್ತೆ ಬಡಿಯಿತು. ಇಪ್ಪತ್ತಾದ ಮೇಲೆ ನಸ್ರಿ ಮುಂದಿನ ಹಣ್ಣನ್ನು ಕೈಯಲ್ಲೇ ಹಿಡಿದುಕೊಂಡ. ತನ್ನ ಅಂಗಿಯೊಳಗಿಂದ ತನ್ನ ನಕ್ಷೆಯನ್ನು ತೆಗೆದ. ತೆಗೆದವನು ಬಿಚ್ಚಲಿಲ್ಲ, ಮಡಿಲಲ್ಲಿಟ್ಟುಕೊಂಡು ಅದರ ಅಂಚನ್ನೇ ಸವರುತ್ತಾ ಕೂತ. ಅವ್ನೇರ್ ತಲೆ ಎತ್ತಲಿಲ್ಲ. ಇಪ್ಪತ್ತೊಂದನೆಯ ಹಣ್ಣಿಗೆ ಕೈ ಚಾಚಿದ.

ನಸ್ರಿ ಹಣ್ಣು ಕೊಡಲಿಲ್ಲ. ಅದನ್ನು ತನ್ನ ಬೆರಳ ನಡುವೆಯೇ ಹಿಡಿದುಕೊಂಡು, ತನ್ನ ನಕ್ಷೆ ಬಿಚ್ಚಿ ಪಕ್ಕಕ್ಕೆ ಹಾಸಿ, ಗೋಧಿ ಹೊಲದ ಮೇಲೆ ಕೈಯಾಡಿಸಿದ. "ಎಲ್ಲೋ ನಿಮ್ಮವ್ವನ ಮನೆ? ಬೇಗ ಹೇಳು" ಎಂದ.

ಆಗ ಹೊರಗಿಂದ ಡ್ರೈವರು ಒಳಗೆ ಓಡಿಬಂದ. ಎಲ್ಲರೂ ಕಾಯ್ತಿದಾರೆ, ಇನ್ನೂ ಎಷ್ಟು ಹೊತ್ತು ಎಂದು ಸಿಡುಕಿದ. ನಾನು ಬಾಗಿಲಿಗೆ ಅಡ್ಡ ನಿಂತು ಕೈಲಿದ್ದ ಚೊಂಬಿನಿಂದಲೇ ಅವನನ್ನು ಹಿಂದಕ್ಕೆ ತಳ್ಳಿದೆ.

"ಕೂಗಬೇಡ ಕಣಪ್ಪ, ಹೋಗಿ ಹೇಳು. ಮಾತುಕತೆ ಈಗ ಶುರುವಾಗೈತೆ."